ಆರು ವರ್ಷದ ಮಗನಿಗೆ ದಮ್ಮು: ಆರಾಮಾಗಿರುವಾಗಲೂ ದಿನವೂ ಇನ್ಹೇಲರ್ ಕೊಡಬೇಕೆ?

ಪ್ರಶ್ನೆ: ಚಿತ್ತಾಪುರ ತಾಲೂಕಿನ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ ತುಂಬಿದೆ. ಎರಡು ವರ್ಷದವನಿದ್ದಾಗಿನಿಂದಲೂ ನೆಗಡಿಯಾದಾಗಲೆಲ್ಲ ಅವನ ಎದೆಯಿಂದ ಸುಂಯ್ ಎಂಬ ಸದ್ದು ಬರುತ್ತಿತ್ತು. ದೊಡ್ಡವನಾದಂತೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಕಳೆದ ವರ್ಷದಿಂದ ನೆಗಡಿ ಇಲ್ಲದಿದ್ದರೂ ಓಡಿ ಆಡಿದ ಮೇಲೆ ಕೆಮ್ಮುತ್ತಾನೆ, ಬೆಳಗಿನ ಜಾವ ಕೆಮ್ಮಿನಿಂದಲೇ ಎಚ್ಚರಗೊಳ್ಳುತ್ತಾನೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಹೊಟ್ಟು ಹಾರುವ ಕಡೆ ಸ್ವಲ್ಪ ಹೊತ್ತು ನಿಂತರೂ ಅಂದು ರಾತ್ರಿ ಉಸಿರಾಡಲು ಕಷ್ಟಪಡುತ್ತಾನೆ. ಅಂಥ ದಿನಗಳಲ್ಲಿ ಊರಿನಲ್ಲಿಯೇ ಸೂಜಿ ಮಾಡಿಸುತ್ತಿದ್ದೆವು. ಒಂದೆರಡು ದಿನ ಆರಾಮಾಗಿ ಮತ್ತೆ ಅದೇ ಸ್ಥಿತಿಗೆ ಬರುತ್ತಿದ್ದ.

ಈಗ ಕಲಬುರಗಿಯಲ್ಲಿ ಮಕ್ಕಳ ತಜ್ಞರಿಗೆ ತೋರಿಸಿದ್ದೇವೆ. ಅವರು ಪರೀಕ್ಷೆ ಮಾಡಿ, ಅಸ್ತಮಾ ಇದೆ ಎಂದು ಹೇಳಿ ಎರಡು ಇನ್ಹೇಲರ್ ಮತ್ತು ಒಂದು ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬರೆದುಕೊಟ್ಟಿದ್ದಾರೆ. ಒಂದನ್ನು ಮಗು ಚೆನ್ನಾಗಿದ್ದರೂ ಬೆಳಿಗ್ಗೆ ಮತ್ತು ರಾತ್ರಿ ತಪ್ಪದೆ ಕೊಡಬೇಕು, ಇನ್ನೊಂದನ್ನು ಉಸಿರು ಕಟ್ಟಿದಾಗ ಮಾತ್ರ ಕೊಡಬೇಕು ಎಂದಿದ್ದಾರೆ. ದಿನವೂ ಕೊಡುವುದರಲ್ಲಿ ಸ್ಟಿರಾಯ್ಡ್ ಇದೆ ಎಂದು ತಿಳಿದ ಮೇಲೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲ, ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಬಂಧುಗಳು ಹೇಳುತ್ತಾರೆ. ನಮ್ಮ ತಾಯಿಯವರು ಮೊಸರು ಮತ್ತು ಬಾಳೆಹಣ್ಣನ್ನು ಪೂರ್ತಿ ನಿಲ್ಲಿಸಿದ್ದಾರೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಕರೆದೊಯ್ದು ಮೀನಿನ ಔಷಧ (ಜೀವಂತ ಮರಿ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವುದು) ಕೊಡಿಸೋಣ ಎನ್ನುತ್ತಾರೆ. ಶಾಲೆಯಲ್ಲಿ ಅವನನ್ನು ಆಟಕ್ಕೆ ಬಿಡಬೇಕೋ ಬೇಡವೋ ಎಂಬುದೂ ಗೊತ್ತಾಗುತ್ತಿಲ್ಲ. ತಿಳಿದವರು ಮತ್ತು ಇಂಥ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ: ಮಕ್ಕಳ ವೈದ್ಯೆ, ಕಲಬುರಗಿ

ನಮಸ್ಕಾರ. ನಿಮ್ಮ ಮಗನನ್ನು ನೋಡದೆ ಔಷಧದ ಪ್ರಮಾಣದ ಬಗ್ಗೆ ನಾನು ಹೇಳಲಾರೆ. ಅದನ್ನು ನೀವು ತೋರಿಸಿರುವ ತಜ್ಞರೇ ನಿರ್ಧರಿಸಬೇಕು. ಆದರೆ ಬೆಳಗಿನ ಜಾವದ ಕೆಮ್ಮು, ಓಡಿದ ಮೇಲಿನ ಕೆಮ್ಮು, ಧೂಳಿಗೆ ಕೆರಳುವ ಉಸಿರಾಟ, ಪದೇ ಪದೇ ಬಂದು ಹೋಗುವ ಸುಂಯ್ ಸದ್ದು, ಇವು ನಾಲ್ಕೂ ಒಟ್ಟಿಗಿದ್ದರೆ ಅಸ್ತಮಾ ಎಂದು ಯೋಚಿಸುವುದು ಸರಿಯೇ ಆಗಿದೆ. ಶ್ವಾಸನಾಳಗಳು ಎಲ್ಲರಲ್ಲಿಯೂ ಬೆಳಗಿನ ಜಾವ ಸ್ವಲ್ಪ ಕಿರಿದಾಗುತ್ತವೆ. ಅಸ್ತಮಾ ಇರುವವರಲ್ಲಿ ಅದು ಹೆಚ್ಚು, ಆದ್ದರಿಂದಲೇ ಮಗು ಆ ಹೊತ್ತಿಗೆ ಏಳುತ್ತದೆ.

ಚೆನ್ನಾಗಿರುವಾಗ ಏಕೆ ಔಷಧ ಕೊಡಬೇಕು ಎಂಬ ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಉಸಿರು ಕಟ್ಟುವುದು ಈ ಕಾಯಿಲೆಯ ಹೊರಗೆ ಕಾಣುವ ಭಾಗ ಮಾತ್ರ. ಶ್ವಾಸನಾಳಗಳ ಒಳಪದರದಲ್ಲಿ, ಮಗು ನಗುತ್ತಾ ಆಡುತ್ತಿರುವ ದಿನಗಳಲ್ಲಿಯೂ, ಸಣ್ಣ ಪ್ರಮಾಣದ ಉರಿಯೂತ ಇದ್ದೇ ಇರುತ್ತದೆ. ಅಂಥ ನಾಳಕ್ಕೆ ನೆಗಡಿಯ ವೈರಾಣು, ಹೊಟ್ಟಿನ ಧೂಳು ಅಥವಾ ಹೊಗೆ ತಾಗಿದಾಗ ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಇನ್ನಷ್ಟು ಊದಿಕೊಳ್ಳುತ್ತದೆ, ಅಂಟು ಕಫ ತುಂಬಿಕೊಳ್ಳುತ್ತದೆ. ಉಸಿರು ಕಟ್ಟಿದಾಗ ಕೊಡುವ ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಸಾಲ್ಬುಟಮಾಲ್ ಇರುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಸ್ನಾಯುವನ್ನು ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ, ಆದರೆ ಉರಿಯೂತವನ್ನು ಕಡಿಮೆ ಮಾಡುವುದಿಲ್ಲ. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್ ಮುಂತಾದ ದಿನದ ಸ್ಟಿರಾಯ್ಡ್ ಔಷಧಗಳು ಉರಿಯೂತವನ್ನೇ ಇಳಿಸುತ್ತವೆ. ಅವುಗಳ ಪರಿಣಾಮ ಕೊಟ್ಟ ಕೂಡಲೇ ಕಾಣುವುದಿಲ್ಲ; ಪೂರ್ತಿ ಪ್ರಯೋಜನಕ್ಕೆ ವಾರಗಳೇ ಬೇಕು. ಈ ಕಾರಣದಿಂದಲೇ ಅನೇಕ ತಂದೆತಾಯಂದಿರು ದಿನದ ಔಷಧದಿಂದ ಏನೂ ಆಗಲಿಲ್ಲ ಎಂದು ಅದನ್ನು ಬಿಟ್ಟು, ತಕ್ಷಣ ಆರಾಮ ಕೊಡುವುದನ್ನೇ ಮತ್ತೆ ಮತ್ತೆ ಕೊಡುತ್ತಾರೆ. ಈ ವಯಸ್ಸಿನ ಮಗುವಿಗೆ ವಾರದಲ್ಲಿ ಎರಡಕ್ಕಿಂತ ಹೆಚ್ಚು ದಿನ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದೇ ಅರ್ಥ.

ಸ್ಟಿರಾಯ್ಡ್ ಬಗ್ಗೆ ನಿಮಗಿರುವ ಭಯ ಸಹಜವಾದದ್ದು. ನಿಮ್ಮ ಮಗನ ವಯಸ್ಸಿನವರಿಗೆ ಬುಡೆಸೊನೈಡಿನ ಕಡಿಮೆ ಪ್ರಮಾಣವೆಂದರೆ ದಿನಕ್ಕೆ 100ರಿಂದ 200 ಮೈಕ್ರೊಗ್ರಾಂ, ಅದೂ ನೇರವಾಗಿ ಶ್ವಾಸನಾಳಕ್ಕೆ. ತೀವ್ರ ಉಬ್ಬಸದಲ್ಲಿ ಬಾಯಿಯಿಂದ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ 20 ಕಿಲೊ ತೂಕದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ಅಂದರೆ 20,000 ಮೈಕ್ರೊಗ್ರಾಂ. ಎರಡು ಔಷಧಗಳ ಶಕ್ತಿ ಒಂದೇ ಅಲ್ಲದ ಕಾರಣ ಅಂಕಿಗಳನ್ನು ಹಾಗೆಯೇ ಹೋಲಿಸುವಂತಿಲ್ಲ. ಆದರೂ ಅಂತರ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಹಳ್ಳಿಗಳಲ್ಲಿ ಉಬ್ಬಸಕ್ಕೆ ಮಾಡುವ ಸೂಜಿಯಲ್ಲಿಯೂ ಬಹಳ ಸಲ ಸ್ಟಿರಾಯ್ಡೇ ಇರುತ್ತದೆ, ಮತ್ತು ಅದು ಇಡೀ ದೇಹಕ್ಕೆ ಹರಡುತ್ತದೆ. ಬೆಳವಣಿಗೆಯ ವಿಷಯದಲ್ಲಿ ಇರುವುದನ್ನು ಇದ್ದಂತೆ ಹೇಳುತ್ತೇನೆ. ಅಮೆರಿಕದಲ್ಲಿ 5ರಿಂದ 12 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಅವರು ವಯಸ್ಕರಾಗುವವರೆಗೂ ಗಮನಿಸಿದ ಅಧ್ಯಯನವೊಂದರ ವರದಿ 2012ರಲ್ಲಿ ಬಂತು. ವರ್ಷಗಟ್ಟಲೆ ದಿನಕ್ಕೆ 400 ಮೈಕ್ರೊಗ್ರಾಂ ಬುಡೆಸೊನೈಡ್ ಪಡೆದವರ ಎತ್ತರ, ಪಡೆಯದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಹತೋಟಿಯಿಲ್ಲದ ಅಸ್ತಮಾ ಕೂಡ ಮಗುವಿನ ನಿದ್ರೆ, ಹಸಿವು ಮತ್ತು ಬೆಳವಣಿಗೆಯನ್ನು ಕುಗ್ಗಿಸುತ್ತದೆ, ತೀವ್ರವಾದಾಗ ಜೀವವನ್ನೇ ತೆಗೆಯಬಲ್ಲದು. ನಾನು ಈ ಎರಡನ್ನೂ ತೂಗಿ ನೋಡಿಯೇ ನನ್ನ ಬಳಿಗೆ ಬರುವ ಮಕ್ಕಳಿಗೆ ದಿನದ ಇನ್ಹೇಲರ್ ಬರೆಯುತ್ತೇನೆ. ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ. ಅದರಿಂದ ನಿಮಗೂ ನೆಮ್ಮದಿ, ವೈದ್ಯರಿಗೂ ಅನುಕೂಲ. ಇನ್ಹೇಲರ್ ಚಟವಾಗುವ ವಸ್ತುವಲ್ಲ.

ಮೊಸರು, ಬಾಳೆಹಣ್ಣುಗಳನ್ನು ತಿಂದಾಗಲೆಲ್ಲ ತೊಂದರೆಯಾಗುವುದನ್ನು ನೀವೇ ಸ್ಪಷ್ಟವಾಗಿ ಕಂಡಿಲ್ಲವಾದರೆ ನಿಲ್ಲಿಸಬೇಡಿ. ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದಾಗಿ ತೆಗೆಯುತ್ತಾ ಹೋದರೆ ಕೃಶವಾಗುವುದಷ್ಟೇ ಉಳಿಯುತ್ತದೆ.

ಇದನ್ನು ಓದುವ ಬೇರೆ ತಂದೆತಾಯಂದಿರಿಗಾಗಿ ಇನ್ನೊಂದು ಮಾತು. ಸುಂಯ್ ಎನ್ನುವುದೆಲ್ಲ ಅಸ್ತಮಾ ಆಗಿರುವುದಿಲ್ಲ. ಐದು ವರ್ಷದೊಳಗಿನ ಬಹಳಷ್ಟು ಮಕ್ಕಳಿಗೆ ನೆಗಡಿಯ ವೈರಾಣುಗಳಿಂದ ಹಾಗಾಗುತ್ತದೆ ಮತ್ತು ಹಲವರಿಗೆ ಶಾಲೆಗೆ ಹೋಗುವ ವಯಸ್ಸಿಗೆ ನಿಂತುಹೋಗುತ್ತದೆ. ಅಲ್ಲಿಯವರೆಗೂ ಚೆನ್ನಾಗಿದ್ದ ಮಗು ಶೇಂಗಾ ಅಥವಾ ಕಾಳು ತಿನ್ನುವಾಗ ಹಠಾತ್ತನೆ ಕೆಮ್ಮಲು ತೊಡಗಿ ಉಸಿರು ಸುಂಯ್‌ಗುಟ್ಟಿದರೆ ಕಾಳು ಶ್ವಾಸನಾಳಕ್ಕೆ ಇಳಿದಿರಬಹುದು. ಅದಕ್ಕೆ ಇನ್ಹೇಲರ್ ಮದ್ದಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ವಾರಗಟ್ಟಲೆ ಜ್ವರ, ತೂಕ ಇಳಿಕೆ ಇದ್ದರೆ ಅಥವಾ ಮನೆಯಲ್ಲಿ ಕ್ಷಯವಿದ್ದರೆ ಅದರ ಪರೀಕ್ಷೆ ಆಗಲೇಬೇಕು. ಆರು ವರ್ಷದ ಮೇಲಿನ ಮಕ್ಕಳು ಸಾಮಾನ್ಯವಾಗಿ ಉಸಿರಿನ ಗಾಳಿ ಅಳೆಯುವ ಸ್ಪೈರೊಮೆಟ್ರಿ ಯಂತ್ರದೊಳಗೆ ಊದಬಲ್ಲರು. ಸಾಲ್ಬುಟಮಾಲ್ ಕೊಟ್ಟ ಮೇಲೆ ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ ಶೇ. 12ಕ್ಕಿಂತ ಹೆಚ್ಚಿದರೆ ಅದು ಅಸ್ತಮಾಕ್ಕೆ ಗಟ್ಟಿ ಆಧಾರ.

ಉತ್ತರ: ಬೀದರಿನ ಒಬ್ಬ ತಾಯಿ

ಅಣ್ಣಾ, ನನ್ನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಅವಳ ದಮ್ಮು ಹತೋಟಿಯಲ್ಲಿದೆ. ಔಷಧದ ವಿಚಾರವನ್ನು ಡಾಕ್ಟರ್ ಮೇಡಂ ಹೇಳಿದ್ದಾರೆ. ನಾನು ಕೊಡುವ ರೀತಿ ಮತ್ತು ಮನೆಯ ವಿಚಾರ ಬರೆಯುತ್ತೇನೆ.

ಸ್ಪೇಸರ್ ಇಲ್ಲದೆ ಇನ್ಹೇಲರನ್ನು ನೇರವಾಗಿ ಮಗುವಿನ ಬಾಯಿಗೆ ಒತ್ತಿದರೆ ಔಷಧದ ಬಹುಪಾಲು ನಾಲಗೆ ಮತ್ತು ಗಂಟಲಿನ ಮೇಲೆಯೇ ಕುಳಿತುಬಿಡುತ್ತದೆ. ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ, ಮಗುವನ್ನು ನೆಟ್ಟಗೆ ಕೂರಿಸಿ, ತುಟಿಗಳಿಂದ ಬಿಗಿಯಾಗಿ ಹಿಡಿಯಲು ಹೇಳಿ, ಒಂದು ಸಲ ಮಾತ್ರ ಒತ್ತಿ, ಐದಾರು ಸಲ ನಿಧಾನವಾಗಿ ಉಸಿರು ಎಳೆದು ಬಿಡಿಸಬೇಕು. ಎರಡನೆಯ ಪಫ್ ಬೇಕಿದ್ದರೆ ಮತ್ತೆ ಅಲುಗಾಡಿಸಿ ಮೊದಲಿನಿಂದ ಮಾಡಬೇಕು; ಎರಡನ್ನೂ ಒಮ್ಮೆಲೇ ಒತ್ತಬಾರದು. ಚಿಕ್ಕ ಮಕ್ಕಳಿಗೆ ಮಾಸ್ಕ್ ಇರುವ ಸ್ಪೇಸರ್ ಬೇಕು, ಮತ್ತು ಅದು ಮುಖಕ್ಕೆ ಸಂದಿಲ್ಲದಂತೆ ಕೂರಬೇಕು. ಅಳುವ ಮಗುವಿಗೆ ಒತ್ತಾಯದಿಂದ ಕೊಟ್ಟರೆ ಔಷಧ ಒಳಗೆ ಸರಿಯಾಗಿ ಹೋಗುವುದಿಲ್ಲ. ದಿನದ ಔಷಧವಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ; ಇಲ್ಲವಾದರೆ ಬಾಯಲ್ಲಿ ಬಿಳಿಯ ಅಗ್ರ (ಬೂಷ್ಟಿನಂಥ ಪದರ) ಬರಬಹುದು. ನಾವು ಹಲ್ಲುಜ್ಜುವ ಮೊದಲು ಕೊಡುವ ರೂಢಿ ಮಾಡಿಕೊಂಡೆವು, ಮರೆಯುವುದೂ ತಪ್ಪಿತು, ಬಾಯಿ ತೊಳೆಯುವುದೂ ಆಯಿತು.

ಮನೆಯಲ್ಲಿ ಮೊದಲು ನೋಡಬೇಕಾದದ್ದು ಹೊಗೆ. ರೊಟ್ಟಿ ಬಡಿಯಲು ಇಂದಿಗೂ ಬಹಳ ಮನೆಗಳಲ್ಲಿ ಸೌದೆ, ತೊಗರಿ ಕಟ್ಟಿಗೆಯ ಒಲೆಯೇ ಇದೆ. ಗ್ಯಾಸಿನ ಮೇಲೆ ಮಾಡಲಾಗದಿದ್ದರೆ ಒಲೆಯನ್ನು ಹೊರಗಿಡಿ ಮತ್ತು ಆ ಹೊತ್ತಿನಲ್ಲಿ ಮಗುವನ್ನು ಹತ್ತಿರ ಕೂರಿಸಬೇಡಿ. ಲೋಬಾನದ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ, ಬೀಡಿ, ಎಲ್ಲವೂ ಎದೆಗೆ ಹೊಗೆಯೇ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಹೊರಬರುವ ಅತಿ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರ ಒಂದು ಅಧ್ಯಯನ ಹೇಳಿತ್ತು. ಅದನ್ನು ಓದಿದ ಮೇಲೆ ನಾವು ಸೊಳ್ಳೆ ಪರದೆಗೆ ಬದಲಾದೆವು. ಹಿರಿಯರಿಗೆ ದೇವರ ಮುಂದೆ ಊದುಬತ್ತಿ ಬೇಡ ಎನ್ನುವುದು ಕಷ್ಟ. ದೀಪ ಮತ್ತು ಹೂವಿನಿಂದ ಪೂಜೆ ಮಾಡೋಣ ಎಂದು ಕೇಳಿಕೊಂಡಾಗ ನಮ್ಮ ಅತ್ತೆಯವರು ಮೊಮ್ಮಗಳಿಗಾಗಿ ಒಪ್ಪಿದರು.

ಎರಡನೆಯದು ಹಾಸಿಗೆ. ನಮ್ಮ ಕೌದಿಗಳು ಹಳೆಯ ಬಟ್ಟೆಗಳ ಹಲವು ಪದರ ಸೇರಿಸಿ ಹೊಲಿದವು, ವರ್ಷಕ್ಕೆ ಒಂದೆರಡು ಸಲವಷ್ಟೇ ತೊಳೆಯುವ ರೂಢಿ. ಧೂಳಿನ ಹುಳಗಳು, ಬರಿಗಣ್ಣಿಗೆ ಕಾಣದಂಥವು, ಅವುಗಳಲ್ಲಿ ಚೆನ್ನಾಗಿ ಬೆಳೆಯುತ್ತವೆ, ಮಳೆಗಾಲದ ತೇವದಲ್ಲಿ ಇನ್ನೂ ಹೆಚ್ಚು. ಮಗುವಿಗೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬಲ್ಲ ತೆಳು ಹೊದಿಕೆ ಕೊಡಿ. ಕೌದಿಯನ್ನು ಜಾಡಿಸುವಾಗ ಅವನು ಅಲ್ಲಿರದಿರಲಿ.

ಮೂರನೆಯದನ್ನು ಯಾರೂ ಹೇಳುವುದಿಲ್ಲ: ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕೂಲರ್ ಇಲ್ಲದೆ ಮಲಗುವುದೇ ಆಗುವುದಿಲ್ಲ. ಹಿಂದಿನ ವರ್ಷದ ಹುಲ್ಲಿನ ಪ್ಯಾಡಿನಲ್ಲಿ ಬೂಷ್ಟು ಹಿಡಿದಿರುತ್ತದೆ, ತೊಟ್ಟಿಯಲ್ಲಿ ಪಾಚಿ ಕಟ್ಟಿರುತ್ತದೆ, ಆ ಗಾಳಿ ನೇರ ಮಗುವಿನ ಮುಖಕ್ಕೆ ಬರುತ್ತದೆ. ಪ್ರತಿ ಬೇಸಿಗೆಗೆ ಪ್ಯಾಡ್ ಬದಲಿಸಿ, ತೊಟ್ಟಿಯನ್ನು ಆಗಾಗ ಖಾಲಿ ಮಾಡಿ ಉಜ್ಜಿ ಒಣಗಿಸಿ, ಕಿಟಕಿ ತೆರೆದಿಡಿ. ನಿಮ್ಮ ಭಾಗದಲ್ಲಿ ಸಿಮೆಂಟು ಮತ್ತು ಶಹಾಬಾದ್ ಕಲ್ಲಿನ ಧೂಳೂ ಇರುವುದರಿಂದ ನೆಲವನ್ನು ಕಸಬರಿಗೆಯಿಂದ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು. ರಾಶಿಯ ದಿನ ಮಗನನ್ನು ಹೊಲಕ್ಕೆ ಕರೆದೊಯ್ಯಬೇಡಿ. ನೀವು ಹೊಲದಿಂದ ಬಂದರೆ ಬಟ್ಟೆ ಬದಲಿಸಿ ಸ್ನಾನ ಮಾಡಿ ಅವನನ್ನು ಎತ್ತಿಕೊಳ್ಳಿ.

ಉತ್ತರ: ದೈಹಿಕ ಶಿಕ್ಷಕ, ಯಾದಗಿರಿ ಜಿಲ್ಲೆ

ಸರ್, ಮಗನನ್ನು ದಯವಿಟ್ಟು ಆಟದಿಂದ ದೂರ ಇಡಬೇಡಿ. ದಮ್ಮು ಇರುವ ಮಗುವನ್ನು ಮೈದಾನದ ಅಂಚಿನಲ್ಲಿ ಕೂರಿಸಿ ಉಳಿದವರನ್ನು ಆಡಿಸುವುದನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ, ಅದು ಆ ಮಗುವಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ. ಕಾಯಿಲೆ ಹತೋಟಿಯಲ್ಲಿದ್ದರೆ ಕಬಡ್ಡಿ, ಖೋ ಖೋ, ಓಟ ಎಲ್ಲವನ್ನೂ ಆಡಬಹುದು. ಓಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ದಿನದ ಔಷಧ ಸಾಲುತ್ತಿಲ್ಲ ಅಥವಾ ಸರಿಯಾಗಿ ಹೋಗುತ್ತಿಲ್ಲ ಎಂಬುದರ ಗುರುತು ಅದು. ಕೆಲವು ಮಕ್ಕಳಿಗೆ ಆಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಸಾಲ್ಬುಟಮಾಲ್ ತೆಗೆದುಕೊಳ್ಳಲು ವೈದ್ಯರು ಬರೆದುಕೊಡುತ್ತಾರೆ. ನಾವು ಅಂಥ ಮಕ್ಕಳಿಗೆ ನಿಧಾನದ ನಡಿಗೆಯಿಂದ ಶುರು ಮಾಡಿಸಿ ಕ್ರಮೇಣ ವೇಗಕ್ಕೆ ಒಯ್ಯುತ್ತೇವೆ. ಚಳಿಗಾಲದ ಮುಂಜಾನೆಯ ಪ್ರಾರ್ಥನೆಗೆ ಮೂಗು ಮುಚ್ಚುವಂತೆ ಮಫ್ಲರ್ ಕಟ್ಟಿಕೊಂಡು ಬರಲು ಹೇಳುತ್ತೇವೆ.

ಶಾಲೆಗೆ ನೀವು ಮಾಡಬೇಕಾದ ಕೆಲಸವೊಂದಿದೆ. ಮಗುವಿಗೆ ಏನಿದೆ, ಉಸಿರು ಕಟ್ಟಿದರೆ ಯಾವ ಇನ್ಹೇಲರ್ ಎಷ್ಟು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ತರಗತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ಕೊಡಿ. ಇನ್ಹೇಲರ್ ಮತ್ತು ಸ್ಪೇಸರ್ ತರಗತಿಯಲ್ಲಿ ಕೈಗೆ ಸಿಗುವಂತಿರಬೇಕು. ಕಚೇರಿಯ ಅಲ್ಮಾರಿಯಲ್ಲಿ ಬೀಗ ಹಾಕಿಟ್ಟರೆ ಬೇಕಾದ ಹೊತ್ತಿಗೆ ಬೀಗದ ಕೈ ಹುಡುಕುವುದಾಗುತ್ತದೆ. ಮಕ್ಕಳು ಕುಳಿತಿರುವಾಗಲೇ ಕೋಣೆ ಗುಡಿಸುವುದು, ಡಸ್ಟರನ್ನು ಕಿಟಕಿಗೆ ಬಡಿಯುವುದು ನಿಲ್ಲಲಿ ಎಂದು ಕೇಳಲು ನಿಮಗೆ ಹಕ್ಕಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗಲೂ ಈ ಚೀಟಿಯನ್ನು ತೋರಿಸಿ.

ಉತ್ತರ: ಔಷಧ ಅಂಗಡಿಯವ, ಕಲಬುರಗಿ

ಇನ್ಹೇಲರನ್ನು ಬಣ್ಣ ನೋಡಿ ಗುರುತಿಸಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆಯಾಗುತ್ತದೆ. ಔಷಧದ ಹೆಸರನ್ನೇ ಓದಿ, ಬೇಕಿದ್ದರೆ ಮೇಲೆ ಕನ್ನಡದಲ್ಲಿ "ದಿನವೂ", "ಕಷ್ಟವಾದಾಗ" ಎಂದು ಬರೆದ ಚೀಟಿ ಅಂಟಿಸಿ. 200 ಪಫ್ ಇರುವ ಡಬ್ಬಿಯಿಂದ ದಿನಕ್ಕೆ ನಾಲ್ಕು ಪಫ್ ಕೊಟ್ಟರೆ ಅದು 50 ದಿನಕ್ಕೆ ಮುಗಿಯುತ್ತದೆ. ಆಮೇಲೂ ಒತ್ತಿದರೆ ಗಾಳಿ ಬರುತ್ತಿರುತ್ತದೆ, ಆದರೆ ಔಷಧ ಇರುವುದಿಲ್ಲ. ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ, ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ನಂಬಲು ತಕ್ಕುದಲ್ಲ. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಾವೇಶ ಹುಟ್ಟಿ ಔಷಧ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಮಾಂಟೆಲುಕಾಸ್ಟ್ ಎಂಬ ಮಾತ್ರೆಯನ್ನೂ ಬರೆಯುತ್ತಾರೆ. ಅದನ್ನು ಕೊಡುವಾಗ ಕೆಟ್ಟ ಕನಸು, ಸಿಟ್ಟು, ಮಂಕುತನ ಕಂಡರೆ ವೈದ್ಯರಿಗೆ ತಿಳಿಸಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ಒಯ್ಯುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ.

ಮರುಪ್ರಶ್ನೆ: ಚಿತ್ತಾಪುರ ತಾಲೂಕಿನ ತಂದೆ

ಡಾಕ್ಟರ್ ಮೇಡಂ, ಬೀದರಿನ ಅಕ್ಕ, ಶಿಕ್ಷಕರು ಮತ್ತು ಔಷಧ ಅಂಗಡಿಯ ಅಣ್ಣ, ಎಲ್ಲರಿಗೂ ಕೃತಜ್ಞತೆಗಳು. ಇಂದಿನಿಂದಲೇ ದಿನದ ಔಷಧ ಶುರು ಮಾಡುತ್ತಿದ್ದೇವೆ. ಮೂರು ವಿಷಯ ಉಳಿದಿವೆ. ನಡುರಾತ್ರಿಯಲ್ಲಿ ಹಳ್ಳಿಯಲ್ಲಿ ಉಸಿರು ಕಟ್ಟಿದರೆ ಏನು ಮಾಡಬೇಕು? ತಾಯಿಯವರ ಮೀನಿನ ಔಷಧದ ಮಾತಿಗೆ ಏನು ಹೇಳಲಿ? ದಿನದ ಇನ್ಹೇಲರ್ ಎಂದಿಗಾದರೂ ನಿಲ್ಲುತ್ತದೆಯೇ?

ಉತ್ತರ: ಮಕ್ಕಳ ವೈದ್ಯೆ, ಕಲಬುರಗಿ

ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಕುತ್ತಿಗೆಯ ಗುಂಡಿ ಸಡಿಲಿಸಿ, ಸ್ಪೇಸರಿನಲ್ಲಿ ಸಾಲ್ಬುಟಮಾಲನ್ನು ಒಂದೊಂದೇ ಪಫ್‌ನಂತೆ ಕೊಡಿ. ನಿಮ್ಮ ಮಗನ ವಯಸ್ಸಿನವರಿಗೆ ತೀವ್ರ ಉಬ್ಬಸದಲ್ಲಿ ಒಂದು ಸಲಕ್ಕೆ 4ರಿಂದ 10 ಪಫ್, ಮೊದಲ ಒಂದು ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ನಿಮ್ಮವನಿಗೆ ಎಷ್ಟು ಎಂಬುದನ್ನು ನಿಮ್ಮ ತಜ್ಞರಿಂದ ಮೊದಲೇ ಬರೆಸಿಕೊಂಡು ಗೋಡೆಗೆ ಅಂಟಿಸಿ, ಏಕೆಂದರೆ ಆ ಗಾಬರಿಯಲ್ಲಿ ನೆನಪು ಕೈಕೊಡುತ್ತದೆ. ಮೊದಲ ಸರದಿಗೆ ಆರಾಮವಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ಪಕ್ಕೆಗಳ ನಡುವೆ ಚರ್ಮ ಒಳಗೆ ಸೇದುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಮಗು ಮಂಪರಾದರೆ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಆಮ್ಲಜನಕ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ, ದಾರಿಯಲ್ಲಿಯೂ ಇನ್ಹೇಲರ್ ಕೊಡುತ್ತಿರಿ. ಕಷ್ಟಪಟ್ಟು ಉಸಿರಾಡುತ್ತಿದ್ದ ಮಗುವಿನ ಎದೆಯ ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾಗಿದ್ದರೆ ಅದನ್ನು ಆರಾಮವೆಂದು ತಿಳಿಯಬೇಡಿ; ಗಾಳಿ ಆಡುವುದೇ ನಿಂತಿದೆ ಎಂಬ ಅತ್ಯಂತ ಅಪಾಯದ ಗುರುತು ಅದು. ಹಬೆ ಹಿಡಿಸುವುದು, ಮೂಗಿಗೆ ಎಣ್ಣೆ ಬಿಡುವುದು, ನಿದ್ದೆ ಬರಿಸುವ ಕೆಮ್ಮಿನ ಸಿರಪ್ ಕುಡಿಸುವುದು ಬೇಡ. ಮನೆಗೆ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ) ಯಂತ್ರ ಕೊಳ್ಳಬೇಕೆ ಎಂದು ಬಹಳ ಜನ ಕೇಳುತ್ತಾರೆ. ಸಾಧಾರಣ ಉಬ್ಬಸದಲ್ಲಿ ಸ್ಪೇಸರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟ್ ಇಲ್ಲದ ರಾತ್ರಿಯೂ ನಡೆಯುತ್ತದೆ.

ಮೀನಿನ ಔಷಧಕ್ಕಾಗಿ ಜೂನ್ ತಿಂಗಳಲ್ಲಿ ಹೈದರಾಬಾದಿನ ನಾಂಪಲ್ಲಿ ಮೈದಾನಕ್ಕೆ ಬೀದರ್, ಕಲಬುರಗಿ ಕಡೆಯಿಂದ ವರ್ಷವೂ ಬಹಳ ಜನ ಹೋಗುತ್ತಾರೆ. ಬತ್ತಿನಿ ಕುಟುಂಬದವರು ಅದನ್ನು ಉಚಿತವಾಗಿ ಕೊಡುತ್ತಾ ಬಂದಿದ್ದಾರೆ, ಜನರ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದು ಅಸ್ತಮಾವನ್ನು ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಈ ಕಾಯಿಲೆ ತಾನಾಗಿಯೇ ಏರಿಳಿಯುವಂಥದ್ದು, ಇಳಿದಾಗ ಆಗ ತೆಗೆದುಕೊಂಡಿದ್ದಕ್ಕೆ ಅದರ ಕೀರ್ತಿ ಹೋಗುತ್ತದೆ. ಉಸಿರಿನ ತೊಂದರೆಯಿರುವ ಆರು ವರ್ಷದ ಮಗುವಿಗೆ ಜೀವಂತ ಮೀನು ನುಂಗಿಸುವುದು, ಅದೂ ಅಷ್ಟು ಜನಸಂದಣಿಯಲ್ಲಿ, ನನಗೆ ಒಪ್ಪಿಗೆಯಿಲ್ಲ. ತಾಯಿಯವರಿಗೆ ಇದನ್ನು ಗೌರವದಿಂದ ತಿಳಿಸಿ, ಮುಂದಿನ ಸಲ ಅವರನ್ನೂ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅಜ್ಜಿಯ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮನೆಗಳಲ್ಲಿ ಔಷಧ ತಪ್ಪುವುದು ಕಡಿಮೆ. ಮೃಗಶಿರಾ ಕಳೆಯುತ್ತಿದ್ದಂತೆ ಮಳೆಗಾಲದ ನೆಗಡಿಗಳು ಶುರುವಾಗುವುದರಿಂದ ಆ ಹೊತ್ತಿಗೆ ದಿನದ ಇನ್ಹೇಲರನ್ನು ಯಾರ ಮಾತಿಗೂ ನಿಲ್ಲಿಸಬಾರದು.

ಕೊನೆಯ ಪ್ರಶ್ನೆಗೆ ಉತ್ತರ ಹೌದು, ಬಹಳ ಮಕ್ಕಳಲ್ಲಿ ಕಡಿಮೆ ಮಾಡಬಹುದು, ಕೆಲವರಲ್ಲಿ ನಿಲ್ಲಿಸಲೂಬಹುದು. ಸುಮಾರು ಮೂರು ತಿಂಗಳು ರಾತ್ರಿ ಕೆಮ್ಮಿಲ್ಲದೆ, ಆಟಕ್ಕೆ ಅಡ್ಡಿಯಿಲ್ಲದೆ, ಸಾಲ್ಬುಟಮಾಲಿನ ಅಗತ್ಯ ವಿರಳವಾಗಿ ಕಳೆದರೆ ವೈದ್ಯರು ಪ್ರಮಾಣವನ್ನು ಒಂದು ಮೆಟ್ಟಿಲು ಇಳಿಸುತ್ತಾರೆ. ನೀವಾಗಿಯೇ ಇಳಿಸಬೇಡಿ. ನಿಮ್ಮ ಮಗನಿಗೆ ರಾಶಿಯ ಧೂಳು ಆಗಿಬರುವುದಿಲ್ಲವಾದ್ದರಿಂದ ಡಿಸೆಂಬರ್, ಜನವರಿಯಲ್ಲಿ ಇಳಿಸುವ ಪ್ರಯತ್ನವನ್ನು ನಾನಾದರೆ ಮಾಡುವುದಿಲ್ಲ; ಫೆಬ್ರುವರಿ ಕಳೆದ ಮೇಲೆ ನೋಡುತ್ತೇನೆ. ಅಲ್ಲಿಯವರೆಗೆ ರಾತ್ರಿ ಎದ್ದ ದಿನಗಳನ್ನೂ ಸಾಲ್ಬುಟಮಾಲ್ ಕೊಟ್ಟ ದಿನಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ಕೇಳಿ, ಮತ್ತು ಪ್ರತಿ ಭೇಟಿಗೂ ಎರಡೂ ಇನ್ಹೇಲರ್ ಹಾಗೂ ಸ್ಪೇಸರನ್ನು ಜೊತೆಗೆ ಒಯ್ದು ಮಗನಿಂದ ವೈದ್ಯರ ಎದುರಿಗೇ ತೆಗೆದುಕೊಳ್ಳಿಸಿ ತೋರಿಸಿ.